ಕಪ್ ಗೆದ್ದ ಬೆನ್ನಿಗೇ ಗೇಟ್‌ಪಾಸ್: ಈ ಜುಪ್ ಹೇಂಕ್ಸ್ ದೊಡ್ಡ ಕೋಚಾ, ಬರೀ ಅದೃಷ್ಟವಂತನಾ?

ಬೆಂಚ್_ಕಾಯೋನು

ನಿನ್ನೆ ಊಟದ ಹೊತ್ತಿಗೆ ಆಫೀಸಿನಲ್ಲಿ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿಗೆ ತಂದು ಹಾಕುತ್ತಿದ್ದೇನೆ.

ನಮ್ಮ ಟೀಮಿನಲ್ಲಿ ಒಬ್ಬ ರಿಯಲ್ ಮ್ಯಾಡ್ರಿಡ್ ಹುಚ್ಚ ಇದ್ದಾನೆ. 1998ರ ಚಾಂಪಿಯನ್ಸ್ ಲೀಗ್ ಫೈನಲ್ ಮಾತು ಬಂತು. ಆಮ್‌ಸ್ಟರ್‌ಡ್ಯಾಮ್, ಎದುರಿಗೆ ಯುವೆಂಟಸ್, ಮಿಯಾಟೊವಿಚ್ ಹೊಡೆದ ಒಂದೇ ಗೋಲು. 32 ವರ್ಷ ಕಾದ ಮೇಲೆ ಸಿಕ್ಕ ಕಪ್. ಅದನ್ನು ಗೆಲ್ಲಿಸಿಕೊಟ್ಟ ಜುಪ್ ಹೇಂಕ್ಸ್ ಅವರನ್ನು ಕ್ಲಬ್ಬಿನವರು ಕೆಲವೇ ದಿನಗಳಲ್ಲಿ ಮನೆಗೆ ಕಳಿಸಿದರು. ಇದು ಯಾವ ನ್ಯಾಯ ಅಂತ ಕೇಳಿದೆ. ಅವನು, "ಆ ವರ್ಷ ಲೀಗಿನಲ್ಲಿ ನಾಲ್ಕನೇ ಸ್ಥಾನ ಗುರು. ರೌಲ್, ರೆಡೊಂಡೊ, ಹಿಯೆರೊ, ರಾಬರ್ಟೊ ಕಾರ್ಲೊಸ್ ಎಲ್ಲ ಇಟ್ಟುಕೊಂಡು ನಾಲ್ಕನೇ ಸ್ಥಾನ! ಕಪ್ ಗೆದ್ದದ್ದು ಆಟಗಾರರು, ಕೋಚ್ ಸುಮ್ನೆ ಗೆರೆ ಪಕ್ಕ ನಿಂತಿದ್ದರು" ಅಂದ.

ಹಾಗಾದರೆ 2013ರಲ್ಲಿ ಬಯರ್ನ್ ಮ್ಯೂನಿಕ್ ಒಂದೇ ವರ್ಷ ಮೂರು ಕಪ್ ಗೆದ್ದದ್ದು? ಅದಕ್ಕೂ ಉತ್ತರ ರೆಡಿ ಇತ್ತು: ದುಡ್ಡು.

ನನಗೆ ಈ ಮನುಷ್ಯ ಕೋಚ್ ಆಗುವ ಮೊದಲು ಏನಾಗಿದ್ದರು ಅಂತಲೇ ಸರಿಯಾಗಿ ಗೊತ್ತಿಲ್ಲ. ಗೊತ್ತಿರುವವರು ಹೇಳಿ. ನಾಳೆ ಊಟಕ್ಕೆ ಹೋಗುವಾಗ ಕೈಯಲ್ಲಿ ಏನಾದರೂ ಇರಬೇಕು.

ಆಫ್‌ಸೈಡ್_ಅಜ್ಜ

ಮೊದಲು ಹೆಸರು ಸರಿ ಮಾಡಿಕೋ ಮಗಾ. ಜುಪ್ ಅಲ್ಲ, ಯುಪ್. ಹೇಂಕ್ಸ್ ಅಲ್ಲ, ಹೈಂಕೆಸ್. ಜರ್ಮನ್ನರ ಜೆ ಅಂದರೆ ನಮ್ಮ ಯ.

ಬೆಂಚ್_ಕಾಯೋನು

ಶೀರ್ಷಿಕೆ ಬದಲಾಯಿಸೋಕೆ ಆಗುತ್ತಿಲ್ಲ ಅಜ್ಜ. ಹಾಗೇ ಹೊಟ್ಟೆಗೆ ಹಾಕ್ಕೊಳ್ಳಿ.

ರೈನ್_ದಂಡೆ

ನಾನು ದಾವಣಗೆರೆಯವನು. 2011ರಿಂದ ಇರೋದು ಹೈಂಕೆಸ್ ಹುಟ್ಟಿದ ಊರಲ್ಲೇ, ಮೊನ್‌ಶೆನ್‌ಗ್ಲಾಡ್‌ಬಾಖ್. ಹೆಸರು ಉದ್ದ, ಇಲ್ಲಿಂದ ಮುಂದೆ ಊರಿಗೂ ಇಲ್ಲಿನ ಕ್ಲಬ್ಬಿಗೂ ಗ್ಲಾಡ್‌ಬಾಖ್ ಅಂತೀನಿ. ಇಲ್ಲಿನ ಹಳಬರ ಎದುರು ಅವರನ್ನು ಅದೃಷ್ಟವಂತ ಅಂದರೆ ಬಿಯರ್ ಗ್ಲಾಸ್ ಎತ್ತಿ ಕುಕ್ಕುತ್ತಾರೆ.

1945ರ ಮೇ ತಿಂಗಳು, ಯುದ್ಧ ಮುಗಿದ ವಾರದಲ್ಲೇ ಹುಟ್ಟಿದವರು. ಅಪ್ಪ ಕಮ್ಮಾರ, ಹತ್ತು ಮಕ್ಕಳಲ್ಲಿ ಇವರು ಒಂಬತ್ತನೆಯವರು. ಗೋಡೆಗೆ ಗಾರೆ ಮಾಡುವ ಕೆಲಸ ಕಲಿತಿದ್ದರು. ಆಮೇಲೆ ಊರಿನ ಬೊರುಸಿಯಾ ಕ್ಲಬ್ಬಿಗೆ ಸ್ಟ್ರೈಕರ್ ಆದರು. ನಡುವೆ ಮೂರು ವರ್ಷ ಹ್ಯಾನೋವರ್, ಮತ್ತೆ ವಾಪಸ್ ಊರಿಗೆ. ಬುಂಡೆಸ್‌ಲೀಗಾದಲ್ಲಿ, ಅಂದರೆ ಜರ್ಮನಿಯ ಲೀಗಿನಲ್ಲಿ, 369 ಪಂದ್ಯ, 220 ಗೋಲು. ಅವರಿಗಿಂತ ಜಾಸ್ತಿ ಹೊಡೆದವರು ಮೂರೇ ಜನ: ಗೆರ್ಡ್ ಮುಲ್ಲರ್, ಲೆವಾಂಡೋಸ್ಕಿ, ಕ್ಲಾಸ್ ಫಿಷರ್.

1971, 75, 76, 77, ನಾಲ್ಕು ಸಲ ಲೀಗ್ ಚಾಂಪಿಯನ್. 1974ರ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿ ತಂಡದಲ್ಲೂ ಇದ್ದರು. 1975ರ ಯುಇಎಫ್‌ಎ ಕಪ್ (ಯುರೋಪಿನ ಕ್ಲಬ್ಬುಗಳ ಇನ್ನೊಂದು ಟೂರ್ನಿ) ಫೈನಲ್ ಅಂತೂ ಇಲ್ಲಿ ಇವತ್ತಿಗೂ ಹೇಳೋ ಕಥೆ. ಎದುರಾಳಿ ಹಾಲೆಂಡಿನ ಟ್ವೆಂಟೆ. ಮೊದಲ ಪಂದ್ಯ 0-0. ಎರಡನೆಯದು ಅವರ ಅಂಗಳದಲ್ಲಿ, ಗ್ಲಾಡ್‌ಬಾಖ್ 5-1. ಅದರಲ್ಲಿ ಮೂರು ಗೋಲು ಇವರದು.

ಎಡಗಾಲು_11

ಮುಲ್ಲರ್ ಇದ್ದ ಕಾಲದಲ್ಲೇ ಟಾಪ್ ಸ್ಕೋರರ್ ಕೂಡ ಆಗಿದ್ದರಲ್ವಾ?

ರೈನ್_ದಂಡೆ

ಹೌದು. 1973-74ರಲ್ಲಿ ಇಬ್ಬರದೂ ತಲಾ 30. ಮುಂದಿನ ವರ್ಷ ಇವರೊಬ್ಬರದೇ, 27.

ಮ್ಯಾಡ್ರಿಡ್_ಮರುಳ

ಹಲೋ, ಮೇಲೆ ಹೇಳಿದ "ಹುಚ್ಚ" ನಾನೇ. ಆಫೀಸಿನ ಜಗಳ ಬೀದಿಗೆ ತಂದಿದ್ದಕ್ಕೆ ಥ್ಯಾಂಕ್ಸ್ ಕಣೋ.

ಆಟಗಾರನಾಗಿ ದೊಡ್ಡವರು ಅಂತ ನಾನೂ ಒಪ್ಪುತ್ತೇನೆ. ಪ್ರಶ್ನೆ ಕೋಚಿನದು. 1979ರಿಂದ 87ರವರೆಗೆ ಅದೇ ಗ್ಲಾಡ್‌ಬಾಖ್‌ಗೆ ಕೋಚ್. ಎಂಟು ವರ್ಷ, ಎಷ್ಟು ಕಪ್? ಸೊನ್ನೆ. 1980ರ ಯುಇಎಫ್‌ಎ ಕಪ್ ಫೈನಲ್ ಫ್ರಾಂಕ್‌ಫರ್ಟ್ ಎದುರು ಸೋತರು. 1984ರ ಜರ್ಮನ್ ಕಪ್ ಫೈನಲ್ ಬಯರ್ನ್ ಎದುರು ಪೆನಾಲ್ಟಿಯಲ್ಲಿ ಸೋತರು. 1985ರಲ್ಲಿ ನಮ್ಮ ಮ್ಯಾಡ್ರಿಡ್ ಎದುರು ಮೊದಲ ಪಂದ್ಯ 5-1 ಗೆದ್ದು, ಎರಡನೆಯದರಲ್ಲಿ 4-0 ಸೋತು, ಒಟ್ಟು 5-5 ಆಗಿ, ಎದುರಾಳಿ ಅಂಗಳದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಹೊರಗೆ ಬಂದರು. 5-1 ಮುಂದಿದ್ದವರು! ಇದನ್ನು ಏನಂತ ಕರೀಬೇಕು?

ಸೀಟಿ_ಮಾಸ್ತರ್

ಅದನ್ನು ನಿಮ್ಮ ಮ್ಯಾಡ್ರಿಡ್ ಅಂಗಳ ಬರ್ನಬೆವು ಅಂತ ಕರೀಬೇಕು ಸಾರ್. ಆ ಕಾಲದಲ್ಲಿ ಅಲ್ಲಿ ಹಾಗೆ ಕೊಚ್ಚಿಹೋದವರು ಒಬ್ಬಿಬ್ಬರಲ್ಲ.

1984ರ ಪೆನಾಲ್ಟಿ ಬಗ್ಗೆ ಒಂದು ಮಾತು. ಅವತ್ತು ಗ್ಲಾಡ್‌ಬಾಖ್ ಪರ ಮೊದಲ ಪೆನಾಲ್ಟಿಯನ್ನೇ ಆಕಾಶಕ್ಕೆ ಹೊಡೆದದ್ದು ಲೋಥಾರ್ ಮಥಾಯಸ್. ಆ ಬೇಸಿಗೆಗೇ ಅವರು ಬಯರ್ನ್ ಸೇರುವುದು ಪಕ್ಕಾ ಆಗಿತ್ತು. ಊರಿನವರು ಏನೇನು ಮಾತಾಡಿರಬೇಡ ಯೋಚಿಸಿ. ಅದಕ್ಕೂ ಕೋಚೇ ಕಾರಣವಾ?

ಕಡಲ_ತಡಿ_ಗೋಲಿ

ಕೋಕ್ ಡಬ್ಬಿ ಕಥೆ ಯಾರೂ ಹೇಳಲಿಲ್ಲ ಮಾರಾಯ್ರೆ! 1971, ಗ್ಲಾಡ್‌ಬಾಖ್ ಇಂಟರ್ ಮಿಲಾನನ್ನು 7-1 ಸೋಲಿಸಿತು. ಹೈಂಕೆಸ್ ಎರಡು ಗೋಲು. ಆದರೆ ಸ್ಕೋರ್ 2-1 ಇರುವಾಗ ಗ್ಯಾಲರಿಯಿಂದ ಯಾರೋ ಎಸೆದ ಕೋಕ್ ಡಬ್ಬಿ ಇಂಟರಿನ ಬೊನಿನ್ಸೆಗ್ನಾಗೆ ಬಡಿದು ಆತ ಬಿದ್ದ, ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ಇಂಟರ್ ದೂರು ಕೊಟ್ಟಿತು, ಇಡೀ ಪಂದ್ಯ ರದ್ದು. ಮತ್ತೆ ಆಡಿಸಿದಾಗ ಇಂಟರ್ ಮುಂದಕ್ಕೆ ಹೋಯಿತು. ಏಳು ಗೋಲು ಹೊಡೆದೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ರೈನ್_ದಂಡೆ

ಆ ಡಬ್ಬಿ ಈಗ ಇಲ್ಲೇ ಕ್ಲಬ್ಬಿನ ಮ್ಯೂಸಿಯಂನಲ್ಲಿದೆ. ಡಚ್ ರೆಫರಿ ಇಟ್ಟುಕೊಂಡಿದ್ದರಂತೆ, ಹಾಲೆಂಡ್ ಸುತ್ತಿ ವಾಪಸ್ ಬಂತು. ಕಪ್‌ಗಳಿಗಿಂತ ಅದರ ಎದುರೇ ಜನ ಜಾಸ್ತಿ ನಿಲ್ಲುತ್ತಾರೆ ಅಂತ ನನಗೆ ಅನಿಸಿದೆ.

ಎಡಗಾಲು_11

ಅದೃಷ್ಟವಂತ ಅಂತೆ! ಈ ಮನುಷ್ಯನ ಕೊನೇ ಲೀಗ್ ಪಂದ್ಯ ನೋಡಿ. 1978ರ ಏಪ್ರಿಲ್, ಸೀಸನ್ನಿನ ಕೊನೇ ದಿನ. ಗ್ಲಾಡ್‌ಬಾಖ್ ಮತ್ತು ಕೊಲೋನ್ ಪಾಯಿಂಟಿನಲ್ಲಿ ಸಮ, ಗೋಲು ವ್ಯತ್ಯಾಸದಲ್ಲಿ ಕೊಲೋನ್ ಹತ್ತು ಮುಂದೆ. ಗ್ಲಾಡ್‌ಬಾಖ್ ಅವತ್ತು ಡಾರ್ಟ್‌ಮಂಡ್‌ಗೆ ಹೊಡೆದದ್ದು 12-0. ಹನ್ನೆರಡು! ಹೈಂಕೆಸ್ ಒಬ್ಬರದೇ ಐದು. ಆದರೂ ಕೊಲೋನ್ ಆ ಕಡೆ 5-0 ಗೆದ್ದು ಮೂರೇ ಗೋಲಿನ ವ್ಯತ್ಯಾಸದಲ್ಲಿ ಚಾಂಪಿಯನ್ ಆಯ್ತು. ಐದು ಗೋಲು ಹೊಡೆದು ಕಪ್ ಇಲ್ಲದೆ ಬೂಟು ಬಿಚ್ಚಿಟ್ಟವರು.

ಹಳೇ_ಸ್ಕೋರ್‌ಕಾರ್ಡ್

ಅವತ್ತು ಡಾರ್ಟ್‌ಮಂಡ್ ಕೋಚ್ ಯಾರು ಗೊತ್ತಾ? ಒಟ್ಟೊ ರೆಹಾಗೆಲ್. ಮರುದಿನವೇ ಕೆಲಸ ಹೋಯಿತು. "ಟೋರ್‌ಹಾಗೆಲ್" ಅಂತ ಅಡ್ಡಹೆಸರು ಬೇರೆ. ಅಂದರೆ ಗೋಲಿನ ಆಲಿಕಲ್ಲು ಮಳೆ. ಅದೇ ಮನುಷ್ಯ 2004ರಲ್ಲಿ ಗ್ರೀಸ್‌ಗೆ ಯೂರೋ ಕಪ್ ಗೆಲ್ಲಿಸಿಕೊಟ್ಟರು. 12-0 ಸೋತವರು ಯಾರಾದರೂ ಇದ್ದರೆ ಧೈರ್ಯ ತಂದುಕೊಳ್ಳಿ.

ಕಡಲ_ತಡಿ_ಗೋಲಿ

ನಾನು ಗೋಲ್‌ಕೀಪರ್. ಕಾಲೇಜಿನಲ್ಲಿ 9-0 ತಿಂದಿದ್ದೇನೆ. ಯಾವ ಗ್ರೀಸೂ ಇವತ್ತಿನವರೆಗೆ ಫೋನ್ ಮಾಡಿಲ್ಲ.

ಬೆಂಚ್_ಕಾಯೋನು

😂 ವಿಷಯಕ್ಕೆ ಬನ್ನಿ. ಬಯರ್ನ್‌ಗೆ ಮೊದಲ ಸಲ ಹೋದದ್ದು ಯಾವಾಗ?

ಹಳೇ_ಸ್ಕೋರ್‌ಕಾರ್ಡ್

1987. 89 ಮತ್ತು 90ರಲ್ಲಿ ಲೀಗ್ ಗೆಲ್ಲಿಸಿಕೊಟ್ಟರು. 1991ರ ಅಕ್ಟೋಬರಿನಲ್ಲಿ ಬಯರ್ನ್ ಮ್ಯಾನೇಜರ್ ಉಲಿ ಹೊಯ್ನೆಸ್ ಕೈಯಲ್ಲೇ ಗೇಟ್‌ಪಾಸ್. ಇಬ್ಬರೂ ಸ್ನೇಹಿತರು. ಅದು ತಾನು ಮಾಡಿದ ಅತಿ ದೊಡ್ಡ ತಪ್ಪು ಅಂತ ಹೊಯ್ನೆಸ್ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆ ಪಶ್ಚಾತ್ತಾಪದಿಂದಲೇ ಇರಬೇಕು, ಮುಂದೆ ಮೂರು ಸಲ ವಾಪಸ್ ಕರೆದರು.

ಆಮೇಲೆ ಶುರುವಾಯ್ತು ಊರೂರು ಸುತ್ತೋದು. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ, ಅಲ್ಲಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಟೆನೆರಿಫೆ, ಮ್ಯಾಡ್ರಿಡ್, ಪೋರ್ಚುಗಲ್‌ನ ಬೆನ್ಫಿಕಾ, ಮತ್ತೆ ಬಿಲ್ಬಾವೊ, ಶಾಲ್ಕೆ, ಮತ್ತೆ ಗ್ಲಾಡ್‌ಬಾಖ್, ಲೆವರ್‌ಕೂಸೆನ್. ಟೆನೆರಿಫೆ ಅಂದರೆ ಆಫ್ರಿಕಾ ಪಕ್ಕದ ಒಂದು ದ್ವೀಪ. ಆ ಚಿಕ್ಕ ಕ್ಲಬ್ಬನ್ನು ಸ್ಪೇನ್ ಲೀಗಿನಲ್ಲಿ ಐದನೇ ಸ್ಥಾನಕ್ಕೆ ತಂದು, ಮುಂದಿನ ವರ್ಷ ಯುಇಎಫ್‌ಎ ಕಪ್ ಸೆಮಿಫೈನಲ್‌ವರೆಗೆ ಕರೆದುಕೊಂಡು ಹೋದರು. ನನ್ನ ಲೆಕ್ಕದಲ್ಲಿ ಅದು ಎಷ್ಟೋ ಕಪ್ಪಿಗಿಂತ ದೊಡ್ಡದು. ಮ್ಯಾಡ್ರಿಡ್‌ನವರು ಸುಮ್ಮನೆ ಕರೆದರಾ?

ಮ್ಯಾಡ್ರಿಡ್_ಮರುಳ

ಫ್ರಾಂಕ್‌ಫರ್ಟನ್ನು ಒಂದೇ ಪದದಲ್ಲಿ ಮುಗಿಸಿಬಿಟ್ಟಿರಲ್ಲ ಸಾರ್. ಅಲ್ಲಿ ಏನಾಯ್ತು ಅಂತ ಹೇಳಿ.

ಹಳೇ_ಸ್ಕೋರ್‌ಕಾರ್ಡ್

ಹೇಳ್ತೀನಿ, ಮುಚ್ಚಿಡೋದು ಏನಿದೆ. 1994ರ ಡಿಸೆಂಬರ್. ಯೆಬೋವಾ, ಒಕೋಚಾ, ಗೌಡಿನೊ, ತಂಡದ ಮೂರು ದೊಡ್ಡ ಹೆಸರು. ಅಭ್ಯಾಸದಲ್ಲಿ ಮೈಗಳ್ಳತನ ಮಾಡಿದರು ಅಂತ ಹೈಂಕೆಸ್ ಮೂವರಿಗೂ ಹೆಚ್ಚುವರಿ ಓಟ ಹಾಕಿದರು. ಮರುದಿನದ ಪಂದ್ಯಕ್ಕೆ ಮೂವರೂ ಇಲ್ಲ. ಕ್ಲಬ್ ಸಸ್ಪೆಂಡ್ ಮಾಡಿತು. ಯೆಬೋವಾ ಲೀಡ್ಸ್‌ಗೆ ಹೋಗಿ ಅಲ್ಲಿ ಬೆಂಕಿಯಂಥ ಗೋಲುಗಳನ್ನು ಹೊಡೆದ. ಸೀಸನ್ ಮುಗಿಯುವ ಮೊದಲೇ ಹೈಂಕೆಸ್ ಕೂಡ ಜಾಗ ಖಾಲಿ ಮಾಡಿದರು.

ಮ್ಯಾಡ್ರಿಡ್_ಮರುಳ

ಅದೇ ನಾನು ಹೇಳೋದು. ಜಯ್-ಜಯ್ ಒಕೋಚಾನನ್ನು ಮೈದಾನದ ಸುತ್ತ ಓಡಿಸಿದ ಮನುಷ್ಯ. ಆ ಕಾಲಿಗೆ ಚೆಂಡು ಕೊಡಬೇಕು, ಶಿಕ್ಷೆ ಅಲ್ಲ.

ಸೀಟಿ_ಮಾಸ್ತರ್

ಇಲ್ಲಿ ನನ್ನದೊಂದು ಹೇಳಿಕೊಳ್ಳಲೇಬೇಕು. ನಾನು ಹುಬ್ಬಳ್ಳಿ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ್. ಕೆಲಸಕ್ಕೆ ಸೇರಿದ ಎರಡನೇ ವರ್ಷ, ತಾಲ್ಲೂಕು ಮಟ್ಟದ ಪಂದ್ಯಕ್ಕೆ ಎರಡು ದಿನ ಇತ್ತು. ನಮ್ಮ ಟೀಮಿನ ಒಳ್ಳೆಯ ಮೂವರು ಹುಡುಗರು ಅಭ್ಯಾಸಕ್ಕೆ ಅರ್ಧ ಗಂಟೆ ತಡವಾಗಿ ಬಂದರು. ಕೈಯಲ್ಲಿ ಇನ್ನೂ ಮಿರ್ಚಿ ಭಜಿ ಪೊಟ್ಟಣ. ನನಗೆ ಸಿಟ್ಟು ನೆತ್ತಿಗೇರಿತು. ಹದಿನೈದು ಸುತ್ತು ಓಡಿಸಿದೆ. ಎಣ್ಣೆ ತಿಂದ ಹೊಟ್ಟೆ, ಮಟಮಟ ಬಿಸಿಲು. ಒಬ್ಬ ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡ. ಪಂದ್ಯದ ದಿನ ಮೂವರೂ ಬರಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳನ್ನು ಇಳಿಸಿ 6-0 ಸೋತೆವು. ಹೆಡ್‌ಮಾಸ್ಟರ್ ನನ್ನನ್ನು ಕೇಳಿದ್ದು ಒಂದೇ: "ಭಜಿ ತಿಂದವರು ಇದ್ದಿದ್ದರೆ ಗೆಲ್ಲುತ್ತಿದ್ದೆವಾ?"

ಅದಕ್ಕೇ 1994ರ ಹೈಂಕೆಸ್ ನನಗೆ ಚೆನ್ನಾಗಿ ಗೊತ್ತು. ನಾನು ನೋಡಬೇಕು ಅಂತ ಇರೋದು 2013ರ ಹೈಂಕೆಸ್. ಆ ಬಯರ್ನ್ ತಂಡದಲ್ಲಿ ರಿಬೆರಿ, ರಾಬೆನ್ ಇಬ್ಬರಿದ್ದರು. 2012ರಲ್ಲಿ ಡ್ರೆಸಿಂಗ್ ರೂಮಿನಲ್ಲೇ ಕೈ ಮಿಲಾಯಿಸಿಕೊಂಡವರು. ಒಂದು ವರ್ಷ ಕಳೆದ ಮೇಲೆ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಅದೇ ಇಬ್ಬರು ಬಾರ್ಸಿಲೋನಾ ಎದುರು ತಮ್ಮ ಫುಲ್‌ಬ್ಯಾಕ್‌ಗಳ ಹಿಂದೆ ಓಡಿಬಂದು ರಕ್ಷಣೆ ಮಾಡುತ್ತಿದ್ದರು. ಮ್ಯೂನಿಕ್‌ನಲ್ಲಿ 4-0, ಬಾರ್ಸಿಲೋನಾದಲ್ಲಿ 3-0, ಒಟ್ಟು 7-0. ಸ್ಟಾರ್ ವಿಂಗರ್‌ಗಳನ್ನು ಹಿಂದಕ್ಕೆ ಓಡಿಸೋದು ಎಷ್ಟು ಕಷ್ಟ ಅಂತ ಸೀಟಿ ಹಿಡಿದವರಿಗೆ ಗೊತ್ತು. ಯೆಬೋವಾ ವಿಷಯದಲ್ಲಿ ಆಗದ್ದು ರಿಬೆರಿ ವಿಷಯದಲ್ಲಿ ಹೇಗಾಯ್ತು? ನನ್ನ ಊಹೆ ಇಷ್ಟೇ: ನಡುವಿನ 19 ವರ್ಷದಲ್ಲಿ ಬದಲಾದದ್ದು ಆಟಗಾರರಲ್ಲ.

ಎಡಗಾಲು_11

ಮಾಸ್ತರೇ, ಆ ಹುಡುಗರು ಆಮೇಲೆ ಬಂದರಾ?

ಸೀಟಿ_ಮಾಸ್ತರ್

ಇಬ್ಬರು ಬಂದರು. ವಾಂತಿ ಮಾಡಿಕೊಂಡವನು ಕಬಡ್ಡಿಗೆ ಹೋದ. ಚೆನ್ನಾಗಿಯೇ ಆಡಿದ, ಅದು ಬೇರೆ ಮಾತು.

ಮ್ಯಾಡ್ರಿಡ್_ಮರುಳ

ಮಾಸ್ತರ್ ಹೇಳಿದ್ದು ಮನಸ್ಸಿಗೆ ತಾಕಿತು. ಆದರೂ ನನ್ನ ವಾದ ಬಿಡೋದಿಲ್ಲ. ರಾಬೆನ್ ಆ ಬಾರ್ಸಿಲೋನಾ ಪಂದ್ಯ ಆಡಿದ್ದೇ ಹೇಗೆ? ಕ್ವಾರ್ಟರ್ ಫೈನಲ್‌ನಲ್ಲಿ ಟೋನಿ ಕ್ರೋಸ್‌ಗೆ ಪೆಟ್ಟಾಯ್ತು, ಆ ಜಾಗಕ್ಕೆ ಬಂದ. ಅಲ್ಲಿಯವರೆಗೆ ಹೆಚ್ಚಾಗಿ ಬೆಂಚಿನಲ್ಲೇ ಇದ್ದ. ಫೈನಲ್‌ನಲ್ಲಿ 89ನೇ ನಿಮಿಷಕ್ಕೆ ಗೆಲುವಿನ ಗೋಲು ಹೊಡೆದದ್ದೂ ಅವನೇ. ಇದು ಅದೃಷ್ಟ ಅಲ್ಲದೆ ಮತ್ತೇನು?

ಮತ್ತೆ ಜಾವಿ ಮಾರ್ಟಿನೆಸ್‌ನನ್ನು ಕೊಳ್ಳೋಕೆ ಬಯರ್ನ್ ಸುರಿದ 4 ಕೋಟಿ ಯೂರೋ?

ಹಳೇ_ಸ್ಕೋರ್‌ಕಾರ್ಡ್

ಬೆಂಚಿನಲ್ಲಿದ್ದ ರಾಬೆನ್ ಮುನಿಸಿಕೊಳ್ಳದೆ ರೆಡಿಯಾಗಿ ಕೂತಿದ್ದನಲ್ಲ, ಅದೇ ಕೋಚಿನ ಕೆಲಸ ಗುರು.

ಹಿಂದಿನ ವರ್ಷ ಏನಾಗಿತ್ತು ಅಂತ ನೆನಪಿಸಿಕೋ. 2012, ಚಾಂಪಿಯನ್ಸ್ ಲೀಗ್ ಫೈನಲ್ ಬಯರ್ನ್‌ನ ಸ್ವಂತ ಅಂಗಳದಲ್ಲಿ, ಎದುರಿಗೆ ಚೆಲ್ಸಿ. 83ನೇ ನಿಮಿಷಕ್ಕೆ ಥಾಮಸ್ ಮುಲ್ಲರ್ ಗೋಲು. 88ಕ್ಕೆ ಚೆಲ್ಸಿಯ ದ್ರೋಗ್ಬಾ ತಲೆ ಕೊಟ್ಟು ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ರಾಬೆನ್ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ಪೀಟರ್ ಚೆಕ್ ಹಿಡಿದ. ಶೂಟೌಟ್‌ನಲ್ಲಿ ಚೆಲ್ಸಿ ಗೆದ್ದಿತು. ಲೀಗಿನಲ್ಲೂ ಎರಡನೇ ಸ್ಥಾನ, ಜರ್ಮನ್ ಕಪ್ ಫೈನಲ್ ಕೂಡ ಡಾರ್ಟ್‌ಮಂಡ್ ಎದುರು 5-2 ಸೋಲು. ಮೂರಕ್ಕೆ ಮೂರೂ ಕೈ ಬಿಟ್ಟ ತಂಡವನ್ನು ಎಬ್ಬಿಸಿ, ಮುಂದಿನ ವರ್ಷ ಮೂರಕ್ಕೆ ಮೂರೂ ಗೆಲ್ಲಿಸಿದರು. ಲೀಗಿನಲ್ಲಿ 91 ಪಾಯಿಂಟ್, 34 ಪಂದ್ಯಕ್ಕೆ ಬಿಟ್ಟುಕೊಟ್ಟ ಗೋಲು 18. ದುಡ್ಡಿನಿಂದ ಆಟಗಾರ ಬರ್ತಾನೆ, ಸೋತವನಿಗೆ ನಿದ್ದೆ ಬರುತ್ತಾ?

ಇನ್ನೊಂದು ಮಾತು. 2013ರ ಜನವರಿಯಲ್ಲೇ ಕ್ಲಬ್ಬು ಮುಂದಿನ ಕೋಚ್ ಗ್ವಾರ್ಡಿಯೋಲಾ ಅಂತ ಘೋಷಿಸಿಬಿಟ್ಟಿತ್ತು. ಹೋಗುವ ದಿನಾಂಕ ಗೊತ್ತಿದ್ದ ಕೋಚಿನ ಮಾತು ಕೇಳೋರು ಯಾರು? ಈ ತಂಡ ಕೇಳಿತು.

ಕಡಲ_ತಡಿ_ಗೋಲಿ

ಎರಡು ಬೇರೆ ಬೇರೆ ಕ್ಲಬ್ಬಿಗೆ ಯುರೋಪಿನ ದೊಡ್ಡ ಕಪ್ ಗೆಲ್ಲಿಸಿದವರು ಇತಿಹಾಸದಲ್ಲಿ ಐದೇ ಜನ. ಹಾಪೆಲ್, ಹಿಟ್ಸ್‌ಫೆಲ್ಡ್, ಮೊರಿನ್ಯೊ, ಹೈಂಕೆಸ್, ಆನ್ಸೆಲೋಟಿ. ಅಲ್ಲಿಗೆ ಮುಗೀತು.

ಎಡಗಾಲು_11

ಆರು. 2023ರಲ್ಲಿ ಗ್ವಾರ್ಡಿಯೋಲಾ ಸೇರಿಕೊಂಡರು, ಮೊದಲು ಬಾರ್ಸಿಲೋನಾ, ಆಮೇಲೆ ಮ್ಯಾಂಚೆಸ್ಟರ್ ಸಿಟಿ.

ಆಫ್‌ಸೈಡ್_ಅಜ್ಜ

ಏಳು. ಲೂಯಿಸ್ ಎನ್ರಿಕೆ. 2015 ಬಾರ್ಸಿಲೋನಾ, 2025 ಪ್ಯಾರಿಸ್. ಪೇಪರ್ ಓದ್ರಪ್ಪಾ.

ಕಡಲ_ತಡಿ_ಗೋಲಿ

ಆಯ್ತು ಅಜ್ಜ, ಗೋಲ್‌ಕೀಪರಿಗೆ ಲೆಕ್ಕ ಬರಲ್ಲ. 9-0 ಆದಾಗಲೂ 8 ಅಂದುಕೊಂಡಿದ್ದೆ.

ದಿಲ್ಲಿ_ಚಳಿ

ನಾನು ಈ ಮನುಷ್ಯನನ್ನು ಕಣ್ಣಾರೆ ನೋಡಿದ್ದೇನೆ. 2012ರ ಜನವರಿ 10, ದಿಲ್ಲಿಯ ನೆಹರೂ ಸ್ಟೇಡಿಯಂ. ಭೈಚುಂಗ್ ಭುಟಿಯಾ ಅವರ ವಿದಾಯ ಪಂದ್ಯ, ಭಾರತದ ಎದುರು ಬಯರ್ನ್. ಚಳಿ ಅಂದರೆ ಚಳಿ, ಕಡ್ಲೆಕಾಯಿ ಸುಲಿಯೋಕೂ ಬೆರಳು ಬಗ್ಗುತ್ತಿರಲಿಲ್ಲ. 4-0 ಸೋತೆವು. ಎಲ್ಲರೂ ಭುಟಿಯಾ ಹೆಸರು ಕೂಗುತ್ತಿದ್ದರು, ಬಯರ್ನ್ ಕೋಚ್ ಯಾರು ಅಂತ ನನ್ನ ಸಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಪ್ಪ ಕೋಟು, ಕೆಂಪು ಮುಖ, ಬಿಳಿ ಕೂದಲು.

ಎಡಗಾಲು_11

ಅದು ಕೋಲ್ಕತ್ತಾದಲ್ಲಿ ಅಲ್ವಾ? ಆಲಿವರ್ ಕಾನ್ ಬಂದಿದ್ದರಲ್ಲ?

ದಿಲ್ಲಿ_ಚಳಿ

ಅದು 2008, ಮೋಹನ್ ಬಗಾನ್ ಎದುರು, ಕಾನ್ ವಿದಾಯ. ಆಗ ಹೈಂಕೆಸ್ ಬಯರ್ನ್‌ನಲ್ಲಿ ಇರಲಿಲ್ಲ.

ರೈನ್_ದಂಡೆ

ಕೆಂಪು ಮುಖ ಅಂದಿರಲ್ಲ, ಅದಕ್ಕೇ ಇಲ್ಲಿ ಅವರಿಗೆ "ಓಸ್ರಾಮ್" ಅಂತ ಅಡ್ಡಹೆಸರು. ಬಲ್ಬ್ ಕಂಪನಿ ಹೆಸರು. ಟೆನ್ಶನ್ ಆದರೆ ಮುಖ ಉರಿಯುತ್ತೆ ಅಂತ.

ಬೆಂಚ್_ಕಾಯೋನು

ಮ್ಯಾಡ್ರಿಡ್‌ನವರು ಯಾಕೆ ಕಳಿಸಿದರು ಅನ್ನೋದು ಮಾತ್ರ ಇನ್ನೂ ಯಾರೂ ಹೇಳಿಲ್ಲ.

ಹಳೇ_ಸ್ಕೋರ್‌ಕಾರ್ಡ್

ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ, ಅಷ್ಟೇ. ಲೀಗಿನಲ್ಲಿ ನಾಲ್ಕನೇ ಸ್ಥಾನ ಬಂದಾಗಲೇ ತೀರ್ಮಾನ ಆಗಿತ್ತು ಅನ್ನೋದು ನನ್ನ ನಂಬಿಕೆ. ಅವರ ಜಾಗಕ್ಕೆ ತಂದ ಕಮಾಚೊ ಒಂದೇ ಒಂದು ಲೀಗ್ ಪಂದ್ಯ ಆಡಿಸುವ ಮೊದಲೇ ರಾಜೀನಾಮೆ ಕೊಟ್ಟು ಹೋದರು. ಆ ಕ್ಲಬ್ಬಿನಲ್ಲಿ ಕೋಚಿನ ಕುರ್ಚಿಗೆ ಮೂರೇ ಕಾಲು.

ಮ್ಯಾಡ್ರಿಡ್_ಮರುಳ

ಇದನ್ನು ಒಪ್ಪಿದೆ. ಆ ವರ್ಷ ನಮ್ಮಲ್ಲಿ ಗೋಲ್ ಕಂಬವೇ ನಿಲ್ಲಲಿಲ್ಲ, ಇನ್ನು ಕೋಚ್ ಎಲ್ಲಿ ನಿಲ್ಲೋದು. 1998ರ ಏಪ್ರಿಲ್ 1, ಸೆಮಿಫೈನಲ್, ಡಾರ್ಟ್‌ಮಂಡ್ ಎದುರು. ಪಂದ್ಯ ಶುರುವಾಗುವ ಮೊದಲೇ ನಮ್ಮ ಅಭಿಮಾನಿಗಳು ಬೇಲಿ ಹತ್ತಿ, ಬೇಲಿ ವಾಲಿ, ಅದಕ್ಕೆ ಕಟ್ಟಿದ್ದ ಗೋಲ್ ಕಂಬ ಧೊಪ್ ಅಂತ ಬಿತ್ತು. ಬೇರೆ ಕಂಬ ಅಂಗಳದಲ್ಲಿ ಇರಲೇ ಇಲ್ಲ! ಅಭ್ಯಾಸದ ಮೈದಾನದಿಂದ ತಂದು ನಿಲ್ಲಿಸೋಕೆ ಒಂದು ಗಂಟೆಗೂ ಮೇಲೆ ಹಿಡಿಯಿತು. ಜರ್ಮನ್ ಟಿ.ವಿ.ಯಲ್ಲಿ ಇಬ್ಬರು ನಿರೂಪಕರು ಅಷ್ಟು ಹೊತ್ತೂ ಜೋಕ್ ಹೊಡೆದು ಕಾಲ ಕಳೆದರು. ಪಂದ್ಯಕ್ಕಿಂತ ಜಾಸ್ತಿ ಜನ ಅದನ್ನೇ ನೋಡಿದರಂತೆ.

ಕಡಲ_ತಡಿ_ಗೋಲಿ

ಇದಪ್ಪಾ ಕಥೆ! ನಮ್ಮ ಗದ್ದೆ ಪಂದ್ಯದಲ್ಲೂ ಎರಡು ಬಿದಿರು ಎಕ್ಸ್‌ಟ್ರಾ ಇಟ್ಟಿರುತ್ತಾರೆ ಮಾರಾಯ್ರೆ.

ರೈನ್_ದಂಡೆ

ಕೊನೆಗೆ ನನ್ನದೊಂದು. ಸೋತ ಕಾಲವನ್ನೂ ಹೇಳಬೇಕು. ಬೆನ್ಫಿಕಾದಲ್ಲಿದ್ದಾಗ ಸೆಲ್ಟಾ ವೀಗೊ ಎದುರು 7-0 ಸೋತರು. 2000ದಲ್ಲಿ ಅವರು ಬಿಟ್ಟ ಕುರ್ಚಿಯಲ್ಲಿ ಕೂತ ಹೊಸಬ ಯಾರು ಅಂದರೆ ಮೊರಿನ್ಯೊ. ಶಾಲ್ಕೆಯಲ್ಲೂ ಜಾಸ್ತಿ ದಿನ ಬಾಳಲಿಲ್ಲ. 2006ರಲ್ಲಿ ಊರಿನ ಕ್ಲಬ್ಬಿಗೆ ಬಂದರೆ ಸೋಲಿನ ಮೇಲೆ ಸೋಲು, ಕೊಲೆ ಬೆದರಿಕೆ, ಪೊಲೀಸ್ ಕಾವಲು. 2007ರ ಜನವರಿ ಕೊನೆಯಲ್ಲಿ ರಾಜೀನಾಮೆ. ಹುಟ್ಟಿದ ಊರಲ್ಲೇ.

ಈಗ 2013ರ ಮೇ 18ಕ್ಕೆ ಬನ್ನಿ. ಲೀಗಿನ ಕೊನೇ ಪಂದ್ಯ, ಬಯರ್ನ್ ಇಲ್ಲಿಗೇ ಬಂದಿತ್ತು. ನಾನು ಟಿಕೆಟ್ ತಗೊಂಡು ಮೂಲೆಯಲ್ಲಿ ಕೂತಿದ್ದೆ. ಹತ್ತೇ ನಿಮಿಷಕ್ಕೆ ಗ್ಲಾಡ್‌ಬಾಖ್ 3-1 ಮುಂದೆ. ಕೊನೆಗೆ ಬಯರ್ನ್ 4-3 ಗೆದ್ದಿತು. ಆರು ವರ್ಷದ ಹಿಂದೆ ಓಡಿಸಿದ ಅದೇ ಊರಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಪಕ್ಕ ಒಬ್ಬರು ಮುದುಕರು, ಹಸಿರು ಮಫ್ಲರ್, ಪಂದ್ಯ ಪೂರ್ತಿ ಬಯರ್ನ್‌ಗೆ ಬೈಯುತ್ತಿದ್ದವರು. ಚಪ್ಪಾಳೆ ತಟ್ಟೋಕೆ ಬಿಯರ್ ಲೋಟ ಅಡ್ಡ ಬರುತ್ತೆ ಅಂತ ನನ್ನ ಕೈಗೆ ಕೊಟ್ಟರು. ಎರಡೂ ಕೈ ಎತ್ತಿ ಹೊಡೆದರು. ಆಮೇಲೆ ಪತ್ರಿಕಾಗೋಷ್ಠಿಯಲ್ಲಿ ಹೈಂಕೆಸ್ ಅತ್ತೇಬಿಟ್ಟರು, ಮಾತು ಹೊರಡಲಿಲ್ಲ. ಅದನ್ನು ನಾನು ಮನೆಗೆ ಬಂದು ಟಿ.ವಿ.ಯಲ್ಲಿ ನೋಡಿದೆ.

ಸೀಟಿ_ಮಾಸ್ತರ್

ಲೋಟ ವಾಪಸ್ ಕೊಟ್ಟಿರಾ?

ರೈನ್_ದಂಡೆ

ಕೊಟ್ಟೆ ಮಾಸ್ತರೇ. ಅರ್ಧ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತ್ತು.

ಮ್ಯಾಡ್ರಿಡ್_ಮರುಳ

ಸರಿ. 2013 ಅವರದೇ ಅಂತ ಬರೆದುಕೊಡುತ್ತೇನೆ. 1998 ಮಾತ್ರ ಮಿಯಾಟೊವಿಚ್‌ದು. ಅದರಲ್ಲಿ ರಾಜಿ ಇಲ್ಲ.

ಬೆಂಚ್_ಕಾಯೋನು

ಅರ್ಧ ಗೆದ್ದೆ. ನಾಳೆ ಊಟದ ಬಿಲ್ಲೂ ಅರ್ಧ ಅರ್ಧ.

ಹೊಸ_ಸದಸ್ಯ_ಮೈಸೂರು

ಚೆನ್ನಾಗಿದೆ ಚರ್ಚೆ. ಒಂದು ಡೌಟು, ಈ ಜುಪ್ ಹೇಂಕ್ಸ್ ಈಗಲೂ ಕೋಚ್ ಆಗಿದ್ದಾರಾ?

ಹಳೇ_ಸ್ಕೋರ್‌ಕಾರ್ಡ್

ಇಲ್ಲ. 2017ರ ಅಕ್ಟೋಬರಿನಲ್ಲಿ ಆನ್ಸೆಲೋಟಿ ಹೋದ ಮೇಲೆ ಬಯರ್ನ್ ನಾಲ್ಕನೇ ಸಲ ಕರೆಯಿತು. ತೋಟದ ಮನೆ, ನಾಯಿ, ಎಲ್ಲ ಬಿಟ್ಟು 72ರ ವಯಸ್ಸಿನಲ್ಲಿ ಬಂದರು. ಆಗ ಬಯರ್ನ್ ಐದು ಪಾಯಿಂಟ್ ಹಿಂದೆ. ಸೀಸನ್ ಮುಗಿದಾಗ 21 ಪಾಯಿಂಟ್ ಮುಂದೆ. 2018ರಲ್ಲಿ ನಿವೃತ್ತಿ.

ಆಫ್‌ಸೈಡ್_ಅಜ್ಜ

ಯುಪ್.